ಸಿಪಾಯಿಯ ಹೆಸರು ಬರೆಯದ ಅಪರಾಧ

ಇರಾಕಿನ ಬಸ್ರಾದಿಂದ ನಾಸಿರಿಯಾ ಕಡೆಗೆ ಹೋಗುವ ರಸ್ತೆಯಲ್ಲಿ, ಸುಮಾರು 32 ಕಿಲೋಮೀಟರ್ ದೂರದಲ್ಲಿ, ಬಟ್ಟಬಯಲಿನ ನಡುವೆ ಒಂದು ದೊಡ್ಡ ಸ್ಮಾರಕ ನಿಂತಿದೆ. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾಕ್ಕೆ ಹೋಗಿ ಸತ್ತ, ಗೋರಿಯೂ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಕಟ್ಟಿದ್ದು ಅದು. ಮೊದಲು ಬಸ್ರಾ ಬಳಿಯ ಮಕೀಲ್ ಬಂದರಿನಲ್ಲಿತ್ತು. 1997ರಲ್ಲಿ ಇರಾಕಿನ ಅಧ್ಯಕ್ಷರ ಆಜ್ಞೆಯಂತೆ ಈಗಿನ ಜಾಗಕ್ಕೆ ಸಾಗಿಸಲಾಯಿತು. ಅದರ ಫಲಕಗಳಲ್ಲಿ ಸತ್ತ ಬ್ರಿಟಿಷ್ ಸೈನಿಕರ ಹೆಸರನ್ನು ಒಂದೊಂದಾಗಿ ಕೆತ್ತಲಾಗಿದೆ. ಭಾರತದ ಪಲ್ಟನ್ನುಗಳ ಫಲಕಕ್ಕೆ ಬಂದರೆ ಅಲ್ಲಿ ಅಧಿಕಾರಿಗಳ ಹೆಸರುಂಟು, ಸುಬೇದಾರ ಜಮಾದಾರರ ಹೆಸರುಂಟು. ಸಿಪಾಯಿಗಳ ಸರದಿ ಬಂದಾಗ ಉಳಿದ ಭಾರತೀಯ ಸೈನಿಕರು ಇಷ್ಟು ಮಂದಿ ಎಂಬ ಅಂಕಿ ಮಾತ್ರ. ಹೀಗೆ ಅಂಕಿಯೊಳಗೆ ಸೇರಿಹೋದವರು ಸುಮಾರು 33,000. ತಿಂಗಳಿಗೆ 11 ರೂಪಾಯಿ ಸಂಬಳಕ್ಕೆ ಕಡಲು ದಾಟಿದವರು ಅವರು.

ಇದು ಕೈತಪ್ಪಿ ಆದದ್ದಲ್ಲ. ಕೂತು, ಯೋಚಿಸಿ, ತೀರ್ಮಾನಿಸಿ ಮಾಡಿದ್ದು. ಸಾಕ್ಷಿಗೆ ದೂರ ಹೋಗಬೇಕಿಲ್ಲ. 1917ರ ಮೇ ತಿಂಗಳಲ್ಲಿ ಹುಟ್ಟಿದ ಇಂಪೀರಿಯಲ್ ಯುದ್ಧ ಸಮಾಧಿ ಆಯೋಗ, ದರ್ಜೆ, ಜನಾಂಗ, ಧರ್ಮ ಯಾವುದನ್ನೂ ಎಣಿಸದೆ ಸತ್ತ ಎಲ್ಲರನ್ನೂ ಒಂದೇ ರೀತಿ ಗೌರವಿಸುವುದಾಗಿ ಲೋಕಕ್ಕೆ ಸಾರಿತ್ತು. ಅದೇ ಆಯೋಗ 1927ರ ಅಕ್ಟೋಬರ್ 7ರಂದು ಫ್ರಾನ್ಸಿನ ನ್ಯೂವ್ ಶಪೆಲ್‌ನಲ್ಲಿ ಭಾರತೀಯ ಸೈನಿಕರ ಸ್ಮಾರಕವನ್ನು ತೆರೆಯಿತು. ಅಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಿಪಾಯಿಯ ಹೆಸರೂ ಇದೆ. ಬಸ್ರಾದ ಸ್ಮಾರಕ ತೆರೆದದ್ದು 1929ರ ಮಾರ್ಚ್ 27ರಂದು. ನಡುವೆ ಇರುವುದು ಒಂದೂವರೆ ವರ್ಷಕ್ಕೂ ಕಡಿಮೆ ಕಾಲ. ಆಯೋಗ ಅದೇ, ಸೇನೆ ಅದೇ, ಸತ್ತವರೂ ಅದೇ ಹಳ್ಳಿಗಳವರು. ಯೂರೋಪಿನವರು ಬಂದು ನೋಡುವ ಕಡೆ ಹೆಸರು ಬೇಕೆನಿಸಿತು, ಏಷ್ಯಾದ ಬಿಸಿಲಿನಲ್ಲಿ ಅಂಕಿ ಸಾಕೆನಿಸಿತು. ಹೆಸರು ಸಿಗಲಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ಎಷ್ಟೋ ಸಿಪಾಯಿಗಳ ಹೆಸರು, ಅಪ್ಪನ ಹೆಸರು, ಊರು, ಜಿಲ್ಲೆ ಎಲ್ಲ ದಫ್ತರದಲ್ಲಿ ಬರೆದಿಟ್ಟಿದ್ದವು. ದಫ್ತರದಿಂದ ಕಲ್ಲಿಗೆ ಅವು ಏರಲಿಲ್ಲ, ಅಷ್ಟೆ.

ಈ ಅನ್ಯಾಯವನ್ನು ಆಯೋಗದ ಬಾಯಿಂದ ಒಪ್ಪಿಸಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. 2019ರಲ್ಲಿ ಬ್ರಿಟನ್ನಿನ ಸಂಸದ ಡೇವಿಡ್ ಲ್ಯಾಮಿ ಆಫ್ರಿಕಾದ ಸಮಾಧಿಗಳ ಕುರಿತು ಮಾಡಿದ ಸಾಕ್ಷ್ಯಚಿತ್ರ ಟೀವಿಯಲ್ಲಿ ಬಂದ ಮೇಲೆ ಆಯೋಗ ಒಂದು ಸಮಿತಿ ನೇಮಿಸಿತು. 2021ರ ಏಪ್ರಿಲ್‌ನಲ್ಲಿ ಅದರ ವರದಿ ಹೊರಬಿತ್ತು. ಭಾರತ, ಪೂರ್ವ ಮತ್ತು ಪಶ್ಚಿಮ ಆಫ್ರಿಕಾ, ಈಜಿಪ್ಟ್, ಸೊಮಾಲಿಯಾಗಳಿಂದ ಹೋಗಿ ಸತ್ತ 45,000ದಿಂದ 54,000 ಮಂದಿಗೆ ಸಮಾನ ಗೌರವ ಸಿಗಲಿಲ್ಲ ಎಂದಿತು ವರದಿ. ಇನ್ನೂ ಕನಿಷ್ಠ 1,16,000 ಮಂದಿಯನ್ನು, ಬಹುಶಃ 3,50,000 ಮಂದಿಯನ್ನು, ಹೆಸರು ಹಿಡಿದು ನೆನೆಯಲಿಲ್ಲ, ಇಲ್ಲವೇ ಒಟ್ಟಾರೆ ನೆನೆಯಲೇ ಇಲ್ಲ. ಕಾರಣ ಏನೆಂದೂ ವರದಿ ಮುಚ್ಚುಮರೆಯಿಲ್ಲದೆ ಹೇಳಿತು: ಸಾಮ್ರಾಜ್ಯದ ಕಾಲದ ಪೂರ್ವಗ್ರಹ ಮತ್ತು ಜನಾಂಗ ದ್ವೇಷ. ಏಪ್ರಿಲ್ 22ರಂದು ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ತಡವಾಗಿ ಕೇಳಿದ ಕ್ಷಮೆಯಾದರೂ ಕೇಳಿದ್ದು ದಾಖಲೆಯಲ್ಲಿದೆ.

ನಾವು ಯಾವತ್ತು ಕೇಳಿದೆವು?

ಒಬ್ಬ ಸಾಮಾನ್ಯ ಸೈನಿಕನ ಬದುಕನ್ನು ಹುಡುಕಿ ತೆಗೆಯಲು ಸಾಧ್ಯವೇ ಇಲ್ಲ ಎನ್ನುವವರು ಜೋಗೇಂದ್ರನಾಥ ಸೇನ್ ಅವರ ಕಥೆ ಓದಬೇಕು. ಬಂಗಾಳದ ಚಂದ್ರನಗರದವರು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ 1913ರಲ್ಲಿ ಪದವಿ ಪಡೆದರು, ಅದೇ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. 1914ರ ಸೆಪ್ಟೆಂಬರ್‌ನಲ್ಲಿ ಲೀಡ್ಸ್ ನಗರದ ಸ್ವಯಂಸೇವಕರ ಪಲ್ಟನ್ನು ಕಟ್ಟಿದಾಗ ಮೊದಮೊದಲು ಹೆಸರು ಬರೆಸಿದವರಲ್ಲಿ ಅವರೂ ಒಬ್ಬರು. ಅಷ್ಟು ಓದಿದ್ದವರನ್ನು ಅಧಿಕಾರಿ ಮಾಡಲಿಲ್ಲ. ಮೈಬಣ್ಣ ಅಡ್ಡ ಬಂತು. ಸಾಮಾನ್ಯ ಸಿಪಾಯಿಯಾಗಿಯೇ ಹೋದರು, ಸಿಪಾಯಿಯಾಗಿಯೇ ಸತ್ತರು. 1916ರ ಮೇ 22ರ ರಾತ್ರಿ, ಫ್ರಾನ್ಸಿನ ಸೊಮ್ ಸೀಮೆಯಲ್ಲಿ. ವಯಸ್ಸು 28.

ಅವರ ಕನ್ನಡಕ, ರಕ್ತದ ಕಲೆಯೊಂದಿಗೆ, ಚಂದ್ರನಗರದ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಸಾಹಿತ್ಯದ ವಿದ್ವಾಂಸ ಶಾಂತನು ದಾಸ್ ಅದನ್ನು 2005ರಲ್ಲಿ ಅಲ್ಲಿ ಕಂಡರು. ಲೀಡ್ಸ್ ವಿಶ್ವವಿದ್ಯಾಲಯದ ಸ್ಮಾರಕ ಫಲಕದಲ್ಲಿ ಸೇನ್ ಎಂಬ ಹೆಸರಿತ್ತು. ಅದೇ ಪಲ್ಟನ್ನಿನಲ್ಲಿದ್ದ ಹಳೆಯ ಸಂಗಾತಿಯೊಬ್ಬರು 1988ರಲ್ಲಿ, ಮುಪ್ಪಿನಲ್ಲಿ, ಅವರ ಬಗ್ಗೆ ಹೇಳಿದ ಮಾತು ಧ್ವನಿಮುದ್ರಣದಲ್ಲಿ ಉಳಿದಿತ್ತು: ಪಲ್ಟನ್ನಿನಲ್ಲೆಲ್ಲ ಹೆಚ್ಚು ಓದಿದವರು ಅವರೇ, ಆದರೆ ಬಿಳಿಯರ ಮೇಲೆ ಕರಿಯನೊಬ್ಬ ಅಧಿಕಾರ ನಡೆಸುವುದನ್ನು ಆ ಕಾಲ ಒಪ್ಪುತ್ತಿರಲಿಲ್ಲ ಎಂದು. ಕನ್ನಡಕ, ಫಲಕ, ಗೆಳೆಯನ ನೆನಪು, ಸಮಾಧಿಯ ಕಲ್ಲು ಎಲ್ಲ ಒಂದುಗೂಡಿದಾಗ ಒಬ್ಬ ಮನುಷ್ಯ ಎದ್ದು ಬಂದ. ಅವರು ಬ್ರಿಟಿಷ್ ಪಲ್ಟನ್ನಿನಲ್ಲಿ ಸತ್ತದ್ದರಿಂದ ಇಷ್ಟು ಕಾಗದ, ಇಷ್ಟು ಕಲ್ಲು ಉಳಿಯಿತು. ಅದೇ ವರ್ಷ, ಅದೇ ವಸಂತದಲ್ಲಿ, ಟೈಗ್ರಿಸ್ ನದಿಯ ದಡದಲ್ಲಿ ಸತ್ತ ಭಾರತೀಯ ಸಿಪಾಯಿಗೆ ಸಿಕ್ಕಿದ್ದು ಒಂದು ಅಂಕಿಯೊಳಗಿನ ಪಾಲು.

ಟೈಗ್ರಿಸ್ ದಡದ ಆ ಸಾವುಗಳನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅಲ್ಲಿ ನಮ್ಮ ನಾಡಿನ ನಂಟಿದೆ. 1915ರ ಡಿಸೆಂಬರ್‌ನಲ್ಲಿ ಕುಟ್ ಎಂಬ ಊರಿನೊಳಗೆ ಜನರಲ್ ಟೌನ್ಷೆಂಡ್ ಅವರ ಸೇನೆ ಸಿಕ್ಕಿಬಿತ್ತು. ಪುಣೆ ಡಿವಿಷನ್ ಎಂದು ಹೆಸರಾದ ಆ ಪಡೆಯಲ್ಲಿ 103, 110, 117ನೆಯ ಮರಾಠಾ ಪಲ್ಟನ್ನುಗಳಿದ್ದವು. ಇವುಗಳ ಪರಂಪರೆ ಇಂದಿಗೂ ನಡೆಯುತ್ತಿರುವುದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ. ತಿಂಗಳುಗಟ್ಟಲೆ ಮುತ್ತಿಗೆ. ರೊಟ್ಟಿಯ ಪಾಲು ದಿನದಿನಕ್ಕೆ ಇಳಿಯಿತು. ಕುದುರೆ ಕಡಿದು ಹಂಚಿದರು. ಧರ್ಮಕ್ಕೆ ಅಂಜಿ ಅದನ್ನು ಮುಟ್ಟದ ಭಾರತೀಯ ಸಿಪಾಯಿಗಳು ಇನ್ನೂ ಸೊರಗಿದರು. ಬಿಡಿಸಲು ಹೊರಟ ಸೇನೆ ಜನವರಿಯಿಂದ ಏಪ್ರಿಲ್‌ವರೆಗೆ ಕೆಸರಿನಲ್ಲಿ ಹೋರಾಡಿ ಸುಮಾರು 23,000 ಮಂದಿಯನ್ನು ಸಾವಿಗೂ ಗಾಯಕ್ಕೂ ಒಪ್ಪಿಸಿತು. ಗಾಯಾಳುಗಳಿಗೆ ಬೇಕಾದಷ್ಟು ದೋಣಿಯಿಲ್ಲ, ವೈದ್ಯರಿಲ್ಲ, ಮದ್ದಿಲ್ಲ. 1917ರಲ್ಲಿ ಬಂದ ಮೆಸಪೊಟೇಮಿಯಾ ಆಯೋಗದ ವರದಿ ಈ ದುರವಸ್ಥೆಯನ್ನು ಬಯಲಿಗೆಳೆದಾಗ ಲಂಡನ್ನಿನಲ್ಲಿ ಭಾರತ ಖಾತೆಯ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು. 1916ರ ಏಪ್ರಿಲ್ 29ರಂದು ಕುಟ್ ಶರಣಾಯಿತು. ಸುಮಾರು 13,000 ಮಂದಿ ಸೆರೆಯಾದರು, ಅವರಲ್ಲಿ ಹೆಚ್ಚಿನವರು ಭಾರತೀಯರು. ಮರುಭೂಮಿ ನಡೆಸಿಕೊಂಡು ಹೋಗಿ ರಾಸ್ ಅಲ್ ಐನ್ ಕಡೆ ರೈಲುಹಳಿ ಹಾಸಲು ಅವರನ್ನು ದುಡಿಸಿದರು.

ಆ ಶಿಬಿರದಲ್ಲಿ 1917ರಲ್ಲಿ ಜ್ವರದಿಂದ ಸತ್ತವರಲ್ಲಿ ಕಲ್ಯಾಣ ಮುಖರ್ಜಿ ಎಂಬ ಸೇನಾ ವೈದ್ಯರೂ ಒಬ್ಬರು. ಅವರ ಅಜ್ಜಿ ಮೋಕ್ಷದಾ ದೇವಿ, ಎಂಬತ್ತರ ಆಸುಪಾಸಿನಲ್ಲಿ, ಮೊಮ್ಮಗ ಬರೆದ ಪತ್ರಗಳನ್ನೆಲ್ಲ ಕೂಡಿಸಿ 1928ರಲ್ಲಿ ‘ಕಲ್ಯಾಣ ಪ್ರದೀಪ’ ಎಂಬ ಬಂಗಾಳಿ ಪುಸ್ತಕ ಹೊರತಂದರು. ಬಸ್ರಾದ ಸ್ಮಾರಕಕ್ಕೆ ಒಂದು ವರ್ಷ ಮುಂಚೆ. ಸಾಮ್ರಾಜ್ಯವೊಂದು ಮಾಡಲೊಲ್ಲದ ಕೆಲಸವನ್ನು ಓದುಬರಹ ಬಲ್ಲ ಒಬ್ಬ ಅಜ್ಜಿ ಮಾಡಿದರು. ಆದರೆ ಹೊಲದಿಂದ ಎದ್ದು ಹೋದ ಸಿಪಾಯಿಯ ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಮಗನಿಗೂ ಬರುತ್ತಿರಲಿಲ್ಲ. ಅವನ ಕಾಗದವನ್ನು ಪಲ್ಟನ್ನಿನಲ್ಲಿ ಯಾರೋ ಬರೆದುಕೊಡಬೇಕು, ಊರಿನಲ್ಲಿ ಇನ್ಯಾರೋ ಓದಿ ಹೇಳಬೇಕು. ಇಂಥ ಮನೆಗಳ ಪರವಾಗಿ ಬರೆದಿಡುವುದು ಸರ್ಕಾರದ ಹೊಣೆ. ಸರ್ಕಾರ ಎಂದರೆ ಆಗ ಬ್ರಿಟಿಷರದು. 1947ರ ಆಗಸ್ಟ್ 15ರಿಂದ ಈಚೆಗೆ ನಮ್ಮದು.

ಮೈಸೂರಿನ ಮಾತಿಗೆ ಬರೋಣ. ಯುದ್ಧ ಶುರುವಾದ ಕೂಡಲೆ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಈ ಮೊತ್ತ ಇತಿಹಾಸದ ಪುಸ್ತಕಗಳಲ್ಲಿ ಭದ್ರವಾಗಿದೆ. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದಿತು, ಪ್ಯಾಲೆಸ್ಟೈನಿನಲ್ಲಿ ಕಾದಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆಪಡೆಯೊಡನೆ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡಿತು. ಭರ್ಜಿ ಹಿಡಿದ ಕುದುರೆ ಸವಾರರು ಮಶಿನ್‌ಗನ್ನುಗಳ ಎದುರು ಏರಿಹೋದ ಆ ದಿನ 1,350 ಮಂದಿ ಸೆರೆಸಿಕ್ಕರು. ತಿಂಗಳು ಕಳೆದ ಮೇಲೆ ಅದೇ ಸವಾರರು ಅಲೆಪ್ಪೊದ ಆಚೆ ಹರಿತಾನ್‌ನಲ್ಲಿ ಮತ್ತೆ ಗುಂಡಿಗೆ ಎದೆಕೊಟ್ಟರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. 2018ರಲ್ಲಿ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ಹೈಫಾದ ಕಾಳಗದಲ್ಲಿ ಸತ್ತವರು 8 ಮಂದಿ. ಜೋಧಪುರದ ಮೇಜರ್ ದಲಪತ್ ಸಿಂಗ್ ಅವರ ಹೆಸರು ಎಲ್ಲರ ಬಾಯಲ್ಲಿದೆ, ಇರಲೇಬೇಕು. ಮಿಕ್ಕ ಏಳು ಮಂದಿ ಯಾರು? ವರ್ಷವರ್ಷವೂ ಸೆಪ್ಟೆಂಬರ್ 23ರಂದು ಹೂಮಾಲೆ ಇಡುವ ಗಣ್ಯರನ್ನು ಕೇಳಿ ನೋಡಿ. ಪತ್ರಿಕೆಗಳನ್ನು ತೆಗೆದು ನೋಡಿ, ನಮ್ಮವನ್ನೂ ಸೇರಿಸಿ. ಶೌರ್ಯವನ್ನು ಹೊಗಳುವ ಸಾಲುಗಳಿಗೆ ಬರವಿಲ್ಲ. ಸತ್ತವರ ಊರು, ತಂದೆತಾಯಿ, ಹೆಂಡತಿಗೆ ಬಂದ ಪಿಂಚಣಿ, ಮಕ್ಕಳು ಏನಾದರು ಎಂಬ ವಿಚಾರ ಎಲ್ಲಿಯೂ ಇಲ್ಲ. ಕುದುರೆಗಳಿಗೆ ಮೇವು ನೀರು ನೋಡಿಕೊಂಡ ಸಾಯಿಸರನ್ನು, ಲಾಳ ಕಟ್ಟಿದವರನ್ನು, ಅಡುಗೆಯವರನ್ನು, ಡೋಲಿ ಹೊತ್ತವರನ್ನು ನೆನೆಯುವ ಮಾತಂತೂ ದೂರವೇ ಉಳಿಯಿತು. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದ 13 ಲಕ್ಷಕ್ಕೂ ಹೆಚ್ಚು ಮಂದಿಯಲ್ಲಿ ಇಂಥ ಕೆಲಸಗಾರರೇ 5 ಲಕ್ಷಕ್ಕೂ ಮಿಕ್ಕು. ಯುದ್ಧ ಮುಗಿದ ಮೇಲೆ ಹಂಚಿದ ಪದಕದಲ್ಲೂ ಭೇದ: ಸಿಪಾಯಿಗೆ ಬೆಳ್ಳಿಯದು, ಈ ಕೆಲಸಗಾರರಿಗೆ ಕಂಚಿನದು.

ಕನ್ನಡ ನಾಡಿಗೆ ಈ ಉದಾಸೀನ ಇನ್ನೂ ಹೆಚ್ಚು ನಾಚಿಕೆಗೇಡು. ಸತ್ತ ಸಾಮಾನ್ಯನ ಹೆಸರನ್ನು ಕಲ್ಲಿಗೆ ಬರೆಯುವುದನ್ನು ನಮಗೆ ಯಾರೂ ಕಲಿಸಬೇಕಿರಲಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಮಡಿದವನಿಗೆ, ಊರ ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸಿದ ನಾಡು ಇದು. ಬೆಂಗಳೂರು ಎಂಬ ಊರಿನ ಹೆಸರು ಮೊದಲು ಕಾಣುವುದೇ ಬೇಗೂರಿನ ವೀರಗಲ್ಲಿನಲ್ಲಿ, ಗಂಗರ ಕಾಲದ ಒಂದು ಕಾಳಗದಲ್ಲಿ ಸತ್ತವರನ್ನು ಹೆಸರಿಸುವ ಶಾಸನದಲ್ಲಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ತನ್ನ ಒಡೆಯ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಆ ನಾಯಿ ಸತ್ತಾಗ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಹತ್ತನೆಯ ಶತಮಾನದಲ್ಲಿ ನಾಯಿಯ ಹೆಸರನ್ನೂ ಕಾಯ್ದುಕೊಂಡ ಜನ ಇಪ್ಪತ್ತನೆಯ ಶತಮಾನದಲ್ಲಿ ಮನುಷ್ಯನ ಹೆಸರನ್ನು ಕೈಬಿಟ್ಟರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಳೆಯದು. ಇವರು ಪರದೇಶದ ದೊರೆಯ ಪರವಾಗಿ, ಸಂಬಳಕ್ಕಾಗಿ, ಇನ್ನೊಂದು ದೇಶದ ಜನರ ಮೇಲೆ ಗುಂಡು ಹಾರಿಸಿದವರು. ಸ್ವತಂತ್ರ ಭಾರತ ಇವರನ್ನು ಏಕೆ ನೆನೆಯಬೇಕು? ಆಕ್ಷೇಪಿಸುವವರ ದೇಶಪ್ರೇಮವನ್ನು ನಾವು ಶಂಕಿಸುವುದಿಲ್ಲ, ಆದರೆ ವಾದವನ್ನು ಒಪ್ಪುವುದಿಲ್ಲ. 1918ರಲ್ಲಿ ಗಾಂಧೀಜಿಯೇ ಗುಜರಾತಿನ ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ನಡೆದು ಸೇನೆಗೆ ಸೇರಿ ಎಂದು ಕರೆಕೊಟ್ಟರು. ಯುದ್ಧದಲ್ಲಿ ನೆರವಾದರೆ ಸ್ವರಾಜ್ಯ ಹತ್ತಿರವಾದೀತು ಎಂದು ನಂಬಿದ ನಾಯಕರು ಅವರೊಬ್ಬರೇ ಅಲ್ಲ. ನಾಯಕರ ಆ ಲೆಕ್ಕ ತಪ್ಪಿತು. ಯುದ್ಧ ಮುಗಿದ ಐದೇ ತಿಂಗಳಿಗೆ ಜಲಿಯನ್‌ವಾಲಾ ಬಾಗ್ ನಡೆಯಿತು. ಲೆಕ್ಕ ತಪ್ಪಿದ ನಾಯಕರ ಹೆಸರನ್ನು ನಾವು ಅಳಿಸಲಿಲ್ಲ. ಸಾಲ ತೀರಿಸಲು, ಬರಗಾಲ ದಾಟಲು, ಊರಿನ ಅಧಿಕಾರಿಯ ಒತ್ತಾಯಕ್ಕೆ ಮಣಿದು ಹೋದ ಬಡವನ ಹೆಸರನ್ನು ಮಾತ್ರ ಏಕೆ ಅಳಿಸಬೇಕು? ಯುದ್ಧ ತಪ್ಪು ಎನ್ನುವವರಿಗೇ ಈ ಹೆಸರುಗಳು ಹೆಚ್ಚು ಬೇಕು. ಯಾರ ಮನೆಯ ಮಗನನ್ನು ತಂದು ಯಾರ ಎಣ್ಣೆಬಾವಿಗೆ, ಯಾರ ಬಂದರಿಗೆ ಬಲಿಕೊಟ್ಟರು ಎಂದು ಹೆಸರಿಲ್ಲದೆ ತೋರಿಸುವುದು ಹೇಗೆ?

ದಾರಿಯಂತೂ ತೆರೆದೇ ಇದೆ. ಪಂಜಾಬ್ ಸರ್ಕಾರ 1919ರ ಸುಮಾರಿಗೆ ಹಳ್ಳಿಹಳ್ಳಿಯಿಂದ ಯುದ್ಧಕ್ಕೆ ಹೋದವರ ದಫ್ತರ ಬರೆಸಿತ್ತು: 3,20,000 ಮಂದಿಯ ವಿವರ, ಸುಮಾರು 26,000 ಪುಟ. ಅವು ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಯಾರೂ ನೋಡದೆ ಬಿದ್ದಿದ್ದವು. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳ ಒಂದು ಸಂಘ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ ಸೇರಿ ಅವನ್ನು ಡಿಜಿಟಲ್ ಮಾಡಲು ಹಿಡಿದು, ಮೊದಲಿಗೆ ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳನ್ನು 2021ರ ನವೆಂಬರ್‌ನಲ್ಲಿ ಜನರ ಮುಂದಿಟ್ಟವು. ತಮ್ಮ ಮುತ್ತಜ್ಜನ ಊರು, ಪಲ್ಟನ್ನು ಯಾವುದೆಂದು ಅದರಿಂದ ತಿಳಿದುಕೊಂಡ ಕುಟುಂಬಗಳು ಎಷ್ಟೋ.

ಕರ್ನಾಟಕದಲ್ಲಿ ಬೇಕಾದದ್ದು ಹುಡುಕುವ ಮನಸ್ಸು, ಜೊತೆಗೆ ಸರ್ಕಾರದ ಆದೇಶ. ಸಮಾಧಿ ಆಯೋಗದ ದತ್ತಾಂಶ ಅಂತರ್ಜಾಲದಲ್ಲಿ ಯಾರಿಗೂ ಮುಕ್ತವಾಗಿದೆ. ಅದರಲ್ಲಿ ಮೈಸೂರು, ಬೆಂಗಳೂರು, ಕೊಡಗು, ಧಾರವಾಡ, ಬೆಳಗಾವಿ, ವಿಜಯಪುರ, ಬಳ್ಳಾರಿ, ಕೆನರಾ, ನಿಜಾಮರ ಸೀಮೆಯ ಊರುಗಳನ್ನು ಹುಡುಕಬೇಕು. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಊರ ಹೆಸರು ಗುರುತು ಸಿಗದಷ್ಟು ಕೆಟ್ಟಿರುತ್ತದೆ. ಅದನ್ನು ಸರಿಪಡಿಸಬಲ್ಲವರು ಆ ತಾಲ್ಲೂಕಿನ ಶಾಲಾ ಮೇಷ್ಟರು, ಗ್ರಾಮಲೆಕ್ಕಿಗರು, ಸ್ಥಳೀಯ ಇತಿಹಾಸ ಬಲ್ಲ ಹಿರಿಯರು. ಲಂಡನ್ನಿನಲ್ಲಿ ಕೂತವರಿಗೆ ಅದು ಆಗುವ ಕೆಲಸವಲ್ಲ. ಪಲ್ಟನ್ನಿನ ದಿನಚರಿಯಿಂದ ಅವನು ಸತ್ತ ದಿನ ಏನು ನಡೆಯಿತೆಂದು ತಿಳಿಯುತ್ತದೆ. ಆ ದಿನಚರಿಯಲ್ಲೂ ಬಿಳಿಯ ಅಧಿಕಾರಿ ಸತ್ತರೆ ಹೆಸರು, ಸಿಪಾಯಿಗಳು ಸತ್ತರೆ ಮೂರಕ್ಷರದ ಸಂಕೇತ ಮತ್ತು ಅಂಕಿ. ಆದರೂ ದಿನಾಂಕವನ್ನು ಆಯೋಗದ ದಫ್ತರದೊಂದಿಗೆ ಕೂಡಿಸಿದರೆ ಆ ಅಂಕಿ ಬಿಚ್ಚಿಕೊಳ್ಳುತ್ತದೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್, ಬೆಳಗಾವಿಯ ಮರಾಠಾ ಕೇಂದ್ರ, ಮೈಸೂರು ಸಂಸ್ಥಾನದ ಹಳೆಯ ಕಡತಗಳು, ಇವನ್ನೆಲ್ಲ ಒಂದೇ ಯೋಜನೆಯಡಿ ತಂದು ಓದಬೇಕು. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಪಿಎಚ್‌.ಡಿಗೆ ವಿಷಯ ಸಿಗುತ್ತಿಲ್ಲ ಎಂದು ಕೊರಗುವುದನ್ನು ನಿಲ್ಲಿಸಿ, ಒಂದೊಂದು ತಾಲ್ಲೂಕನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸಲಿ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ರೂಪಾಯಿಗಿಂತ ದೊಡ್ಡದಾದ, ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ಕುದುರೆ ಏರಿದ ಮನುಷ್ಯನಿರುವ ಬೆಳ್ಳಿಯ ಬಿಲ್ಲೆ ಸಿಕ್ಕರೆ ಅದರ ಅಂಚನ್ನು ನೋಡಿ. ಬೆಳ್ಳಿಯ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಲ್ಟನ್ನು ಒತ್ತಿರುತ್ತಾರೆ. ಬಸ್ರಾದ ಕಲ್ಲಿನಲ್ಲಿ ಸಿಗದ ಹೆಸರು ಅಲ್ಲಿ ಸಿಕ್ಕೀತು. ದಯವಿಟ್ಟು ಅದನ್ನು ಕರಗಿಸಲು ಕೊಡಬೇಡಿ. ಎಷ್ಟೋ ಮನೆಗಳಲ್ಲಿ ಈಗಾಗಲೇ ಬೆಳ್ಳಿಯ ಬೆಲೆಗೆ ಹೋಗಿವೆ.

ಹೆಸರು ಕೆತ್ತುವುದು ನಮ್ಮ ದೇಶಕ್ಕೆ ಬಾರದ ವಿದ್ಯೆಯೇನಲ್ಲ. 2019ರ ಫೆಬ್ರುವರಿ 25ರಂದು ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳಿವೆ, ಸಿಪಾಯಿಯೂ ಅಧಿಕಾರಿಯೂ ಒಂದೇ ಗಾತ್ರದ ಅಕ್ಷರದಲ್ಲಿ. ಸರಿಯಾದ ಕೆಲಸ. 1947ಕ್ಕೆ ಮುಂಚೆ ಸತ್ತವರಿಗೂ ಅದೇ ನ್ಯಾಯ ಸಲ್ಲಬೇಕು.

ಬಸ್ರಾ ಸ್ಮಾರಕಕ್ಕೆ 2029ರ ಮಾರ್ಚ್ 27ಕ್ಕೆ ನೂರು ವರ್ಷ ತುಂಬುತ್ತದೆ. ಆ ದಿನದೊಳಗೆ ಕರ್ನಾಟಕ ಸರ್ಕಾರ, ಇಂದಿನ ರಾಜ್ಯದ ಗಡಿಯೊಳಗಿನ ಊರುಗಳಿಂದ ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತ ಪ್ರತಿಯೊಬ್ಬ ಸಿಪಾಯಿಯ, ಪ್ರತಿಯೊಬ್ಬ ಕೆಲಸಗಾರನ ಹೆಸರು, ಊರು, ಸತ್ತ ಸ್ಥಳಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಆಯಾ ಗ್ರಾಮ ಪಂಚಾಯಿತಿಯ ಮುಂದೆ ಆ ಹೆಸರಿನ ಕಲ್ಲು ನಿಲ್ಲಿಸಬೇಕು. ಕ್ಷಮೆ ಕೇಳಿದ ಬ್ರಿಟನ್ನಿನ ಮೇಲಿನ ಆರೋಪ ಅರ್ಧ ತೀರಿದೆ. ಕ್ಷಮೆಯನ್ನೂ ಕೇಳದ, ಪಟ್ಟಿಯನ್ನೂ ಮಾಡದ ನಮ್ಮ ಸರ್ಕಾರಗಳ ಮೇಲಿನ ಆರೋಪ ಪೂರ್ತಿಯಾಗಿ ಹಾಗೆಯೇ ಇದೆ.